ಗೌರಮ್ಮ ಮೊದಲು ನಮ್ಮನ್ನು ನೋಡಬೇಕು

ಗೌರಮ್ಮನಿಗೆ 58 ವರ್ಷ. ಮಂಡ್ಯದ ಕಡೆಯ ಒಂದು ಹಳ್ಳಿ. ಗಂಡ ತೀರಿಕೊಂಡು ಆರು ವರ್ಷವಾಯಿತು. ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಸೊಸೆ ಮೊಮ್ಮಗುವಿನ ಜೊತೆ ಊರಲ್ಲೇ ಇದ್ದಾಳೆ. ಮಂಡಿನೋವು, ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದನ್ನು ಆಗಾಗ ಮರೆಯುತ್ತಾಳೆ. ಆತಂಕ 7, ದುಃಖ 6, ಕೋಪ 2, ನಂಬಿಕೆ 5. ಈ ಗೌರಮ್ಮನನ್ನು ಹುಟ್ಟಿಸಿದವಳು ನಾನು. ಕಳೆದ ವರ್ಷ, ಒಂದು ಎಕ್ಸೆಲ್ ಹಾಳೆಯಲ್ಲಿ.

ನನ್ನ ಪಿಎಚ್‌ಡಿ ವಿಷಯ ಕನ್ನಡ ಕಾದಂಬರಿಗಳಲ್ಲಿ ಪಾತ್ರನಿರ್ಮಾಣ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ ಎಂದು ಮನೆಯವರು ಬಹಳ ದಿನದಿಂದ ಹೇಳುತ್ತಿದ್ದರು. ಹಾಗಿರುವಾಗ ಪರಿಚಯದವರೊಬ್ಬರು ಫೋನ್ ಮಾಡಿದರು: ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ಒಂದು ತಂಡ ಕಂಪ್ಯೂಟರ್ ರೋಗಿಗಳನ್ನು ತಯಾರಿಸುತ್ತಿದೆ, ಅವರ ಬಾಯಲ್ಲಿ ಕನ್ನಡ ಕನ್ನಡದ ಹಾಗೆ ಬರಬೇಕು, ಪಾತ್ರ ಬರೆಯಬಲ್ಲವರು ಬೇಕು. ನನ್ನ ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿತ್ತು. ಒಪ್ಪಿಕೊಂಡೆ. ಐದು ಜನ ಹೆಂಗಸರನ್ನು ಬರೆದುಕೊಟ್ಟೆ. ತಲೆಗಿಷ್ಟು ಎಂದು ಸಂಭಾವನೆ ಬಂತು. ಭಾವನೆಗಳ ಅಂಕಣ ತುಂಬುವಾಗ ಗೌರಮ್ಮನ ಆತಂಕಕ್ಕೆ 6 ಕೊಡುವುದೋ 7 ಕೊಡುವುದೋ ಎಂದು ಸುಮಾರು ಹೊತ್ತು ಯೋಚಿಸಿದ್ದೆ. ಈಗ ನೆನಪಿಸಿಕೊಂಡರೆ ನಾಚಿಕೆಯಾಗುತ್ತದೆ.

ಪ್ರಯೋಗದ ದಿನ ಒಬ್ಬ ಆಶಾ ಕಾರ್ಯಕರ್ತೆಯನ್ನು ಕರೆಸಿದ್ದರು. ಅವರು ಟ್ಯಾಬ್ ಹಿಡಿದು ಗೌರಮ್ಮನನ್ನು ಮಾತಾಡಿಸಿದರು. ಗೌರಮ್ಮ ಮಂಡಿನೋವಿನಿಂದ ಶುರುಮಾಡಿ, ಮಾತ್ರೆ ಮರೆತದ್ದು, ಸೊಸೆ ಸರಿಯಾಗಿ ಊಟ ಹಾಕದ್ದು, ರಾತ್ರಿ ನಿದ್ದೆ ಬಾರದ್ದು, ಗಂಡನ ನೆನಪು ಎಲ್ಲವನ್ನೂ ಮೂರೇ ನಿಮಿಷದಲ್ಲಿ ಹೇಳಿ ಮುಗಿಸಿದಳು. ನಡುವೆ ಧ್ವನಿ ಗದ್ಗದವಾಯಿತು. ತಂಡದವರು ಮುಖ ಮುಖ ನೋಡಿಕೊಂಡು ಖುಷಿಪಟ್ಟರು. ಆ ಹೆಂಗಸು ಮಾತ್ರ ಟ್ಯಾಬ್ ಕೆಳಗಿಟ್ಟು ನಕ್ಕರು.

"ಮೇಡಂ, ಈಯಮ್ಮ ಎಲ್ಲಾನೂ ಹೇಳ್ಬುಟ್ರಲ್ಲ!"

ಹೇಳಬಾರದೇ ಎಂದು ಕೇಳಿದೆ.

"ನಮ್ಮ ಕಡೆ ಹೆಂಗಸ್ರು ಮೊದ್ಲು ನಮ್ಮನ್ನ ನೋಡ್ತಾರೆ. ಯಾವೂರವ್ವಾ ನಿಂದು, ಯಾರ ಮನೆಯವಳು ಅಂತಾರೆ. ಆಚೆ ಸೊಸೆ ನಿಂತವಳಾ ಅಂತ ಬಾಗಿಲ ಕಡೆ ನೋಡ್ತಾರೆ. 'ಏನಿಲ್ಲ ಬಿಡವ್ವ, ಚೆನ್ನಾಗಿವ್ನಿ' ಅಂತಾರೆ. ಮೂರು ಸಲ ಹೋದ್ಮೇಲೆ ನೋವಿನ ಮಾತು. ಈಯಮ್ಮ ನನ್ನ ನೋಡ್ನೇ ಇಲ್ವಲ್ಲ ಮೇಡಂ."

ಈ ಕೊನೆಯ ಮಾತನ್ನು ಅವರು ದೂರಿನ ಧಾಟಿಯಲ್ಲಿ ಹೇಳಲಿಲ್ಲ. ನನಗೆ ಮಾತ್ರ ಅದು ಇಡೀ ವಿದ್ಯೆಯ ಬುಡಕ್ಕೇ ಕೈ ಹಾಕಿದಂತೆ ಕೇಳಿಸಿತು. ಗೌರಮ್ಮನಿಗೆ ನಾವು ಭಾವನೆ ಕೊಟ್ಟಿದ್ದೆವು, ಕಣ್ಣು ಕೊಟ್ಟಿರಲಿಲ್ಲ. ಎದುರಿಗೆ ಯಾರಿದ್ದಾರೆ ಎಂದು ಕಾಣದವಳಿಗೆ ಯಾರ ಮುಂದೆ ಅಳಬೇಕು, ಯಾರ ಮುಂದೆ ಅಳಬಾರದು ಎಂಬುದು ಹೇಗೆ ಗೊತ್ತಾಗಬೇಕು? ಅವಳ ಅಳು ನಲ್ಲಿ ತಿರುಗಿಸಿದರೆ ಬರುವ ನೀರಿನಂಥದ್ದು.

ಮನುಷ್ಯರ ಅಣಕು ಪಾತ್ರಗಳಿಗೆ ಭಾವನೆ ತುಂಬುವ ಕೆಲಸ ಈಗ ಎಲ್ಲ ಕಡೆಯೂ ನಡೆಯುತ್ತಿದೆ. ಆಟಗಳಲ್ಲಿ, ತರಬೇತಿಯಲ್ಲಿ, ಸಂಶೋಧನೆಯಲ್ಲಿ. ನನ್ನ ತಕರಾರು ಯಂತ್ರಕ್ಕೆ ಭಾವನೆ ಬರುತ್ತದೋ ಇಲ್ಲವೋ ಎಂಬ ಹಳೆಯ ಜಗಳದ್ದಲ್ಲ. ಆ ಜಗಳವನ್ನು ಹಾಸ್ಟೆಲಿನ ಮಹಡಿಯ ಮೇಲೆ ಕೂತು ರಾತ್ರಿಯಿಡೀ ಆಡಬಹುದು. ಈ ವಿದ್ಯೆ ಕೆಲಸವನ್ನು ತಲೆಕೆಳಗು ಮಾಡಿಕೊಂಡಿದೆ ಎಂಬುದಷ್ಟೇ ನನ್ನ ತಕರಾರು. ಭಾವನೆಯನ್ನು ಮೊದಲು ತುಂಬಿ, ನೋಟವನ್ನು ಕೊನೆಗೆ ಅಂಟಿಸುತ್ತದೆ, ಅಥವಾ ಮರೆತೇ ಬಿಡುತ್ತದೆ. ಹಾಗೆ ಹುಟ್ಟಿದ ಗೊಂಬೆಗಳನ್ನು ಈಗ ಜನರ ಜಾಗದಲ್ಲಿ ಕೂರಿಸಲು ಹೊರಟಿದ್ದಾರೆ.

ಒಂದು ಕತೆ ಹೇಳುತ್ತೇನೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರಗಳ ಯುದ್ಧದ ದೃಶ್ಯಗಳಿಗಾಗಿ ಸ್ಟೀಫನ್ ರೆಜೆಲಸ್ ಎಂಬವರು ನ್ಯೂಜಿಲೆಂಡಿನಲ್ಲಿ 'ಮಾಸಿವ್' ಎಂಬ ಸಾಫ್ಟ್‌ವೇರ್ ಬರೆದರು. ಸಾವಿರಾರು ಸೈನಿಕರನ್ನು ಒಬ್ಬೊಬ್ಬರಾಗಿ ಕುಣಿಸುವ ಬದಲು, ಪ್ರತಿಯೊಬ್ಬನಿಗೂ ಅವನದೇ ನೋಟ, ಕೇಳ್ಮೆ ಕೊಟ್ಟು ಬಿಡುವುದು. ಯಾರನ್ನು ಹೊಡೆಯಬೇಕು ಎಂದು ಅವನೇ ನೋಡಿ ತೀರ್ಮಾನಿಸುತ್ತಾನೆ. ಆರಂಭದ ಒಂದು ಪರೀಕ್ಷೆಯಲ್ಲಿ ಕೆಲವು ಸೈನಿಕರು ಯುದ್ಧ ಬಿಟ್ಟು ದೂರದ ಗುಡ್ಡದ ಕಡೆ ಓಡಿಹೋದರು. ಸುದ್ದಿ ಹಬ್ಬಿತು: ಕಂಪ್ಯೂಟರ್ ಸೈನಿಕರಿಗೆ ಸಾವಿನ ಭಯ ಬಂದಿದೆಯಂತೆ, ಜಾಣರಾಗಿ ಪರಾರಿಯಾದರಂತೆ. ಇವತ್ತಿಗೂ ಈ ಕತೆಯನ್ನು ಹಾಗೇ ಹೇಳುವವರಿದ್ದಾರೆ. ರೆಜೆಲಸ್ ಕೊಟ್ಟ ವಿವರಣೆ ಸಪ್ಪೆ. ಸೈನಿಕರನ್ನು ಬೇರೆಬೇರೆ ದಿಕ್ಕಿಗೆ ಮುಖಮಾಡಿ ಓಡಲು ಬಿಟ್ಟಿದ್ದರು. ಯುದ್ಧಕ್ಕೆ ಬೆನ್ನು ಹಾಕಿ ನಿಂತವರಿಗೆ ಶತ್ರು ಕಾಣಲಿಲ್ಲ. ಕಾಣದ್ದರಿಂದ ಓಡುತ್ತಲೇ ಇದ್ದರು.

ಅವರು ಹೆದರಿ ಓಡಿದವರಲ್ಲ, ಕಾಣದೆ ಓಡಿದವರು. ಭಯವನ್ನು ತುಂಬಿದ್ದು ನೋಡಿದವರು.

ಹೀಗೆ ತುಂಬುವುದು ನಮ್ಮ ಹಳೆಯ ಚಾಳಿ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ತೋರಿಸಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ, ಒಂದು ಭಾಗ ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಆಯತ. ಅವು ಅತ್ತಿತ್ತ ಸರಿದಾಡುತ್ತವೆ, ಅಷ್ಟೆ. ಕಂಡದ್ದನ್ನು ಬರೆಯಿರಿ ಎಂದು 34 ಜನರಿಗೆ ಹೇಳಿದರೆ, ಆಕಾರಗಳು ಸರಿದಾಡಿದವು ಎಂದು ಬರೆದದ್ದು ಒಬ್ಬರೇ. ಉಳಿದವರಿಗೆ ಅಲ್ಲಿ ಜೀವಿಗಳು ಕಂಡವು, ಹೆಚ್ಚಿನವರಿಗೆ ಮನುಷ್ಯರೇ ಕಂಡರು. ಬೆನ್ನಟ್ಟುವ ರೌಡಿ, ಹೆದರಿದ ಹೆಣ್ಣು, ಕಾಪಾಡುವ ಪ್ರೇಮಿ ಎಲ್ಲ ಹುಟ್ಟಿಕೊಂಡರು.

ಆದ್ದರಿಂದ ಪಾತ್ರವೊಂದು ಭಾವನೆ ತೋರಿಸುತ್ತಿದೆ ಎಂದು ನಮಗೆ ಅನ್ನಿಸಿದರೆ ಅದು ಆ ತಂತ್ರಜ್ಞಾನದ ಹೆಚ್ಚುಗಾರಿಕೆಗೆ ಪುರಾವೆಯಾಗುವುದಿಲ್ಲ. ತ್ರಿಕೋನಕ್ಕೇ ಪ್ರೇಮ ಕೊಟ್ಟವರು ನಾವು, ಗದ್ಗದ ಧ್ವನಿಗೆ ಕೊಡದೆ ಇರುತ್ತೇವೆಯೇ? ತಂಡದವರು ಗೌರಮ್ಮನಿಗೆ ಐದರಲ್ಲಿ ಎಷ್ಟು ಅಂಕ ಎಂದು ನೋಡಿದವರನ್ನು ಕೇಳಿ, ಬಂದ ಸರಾಸರಿಯನ್ನು ಸ್ಲೈಡಿನಲ್ಲಿ ಹಾಕಿಕೊಂಡರು. ಅವರು ಅಳೆದದ್ದು ಗೌರಮ್ಮನನ್ನಲ್ಲ, ನೋಡಿದವರ ಕರುಣೆಯನ್ನು.

ನೋಟದ ವಿಷಯಕ್ಕೆ ಬರೋಣ. 2000ದಲ್ಲಿ ವಿಲ್ ರೈಟ್ ಅವರ 'ದಿ ಸಿಮ್ಸ್' ಆಟ ಬಂತು. ಮನೆ ಕಟ್ಟಿ, ಮಂದಿಯನ್ನು ಇರಿಸಿ, ಅವರು ಉಣ್ಣುವುದು ಮಲಗುವುದು ಜಗಳವಾಡುವುದನ್ನು ನೋಡುವ ಆಟ. ನನ್ನ ವಯಸ್ಸಿನ ಅನೇಕರು ಹೈಸ್ಕೂಲಿನ ರಜೆಗಳನ್ನು ಅದರಲ್ಲಿ ಕಳೆದಿದ್ದೇವೆ. ಪ್ರತಿ ಸಿಮ್‌ಗೂ ಹಸಿವು, ಆರಾಮ, ಸ್ವಚ್ಛತೆ, ಒಡನಾಟ ಇತ್ಯಾದಿ ಎಂಟು ಬೇಕುಗಳು, ಎಂಟು ಪಟ್ಟಿಗಳು. ಪಟ್ಟಿ ಹಸಿರಿದ್ದರೆ ಸುಖ, ಕೆಂಪಾದರೆ ಗೋಳು. ಅವು ಜೀವಂತ ಎನ್ನಿಸುತ್ತಿದ್ದವು. ಒಳಗಿನ ವ್ಯವಸ್ಥೆ ನನಗೆ ತಿಳಿದದ್ದು ಈಚೆಗೆ. ಸಿಮ್ ಫ್ರಿಜ್ಜನ್ನು ಹುಡುಕಿಕೊಂಡು ಹೋಗುವುದಿಲ್ಲ. ಫ್ರಿಜ್ಜೇ "ನನ್ನ ಹತ್ತಿರ ಬಂದರೆ ಹಸಿವು ಇಷ್ಟು ನೀಗುತ್ತದೆ" ಎಂದು ಸುತ್ತಲೂ ಸಾರುತ್ತಿರುತ್ತದೆ. ಹಾಸಿಗೆ ನಿದ್ದೆಯನ್ನು ಸಾರುತ್ತದೆ, ಟಿವಿ ಮೋಜನ್ನು. ಹೇಗೆ ನಡೆದುಕೊಳ್ಳಬೇಕು ಎಂಬ ತಿಳಿವಳಿಕೆಯೂ ವಸ್ತುವಿನಲ್ಲೇ ಇರುತ್ತದೆ. ಸಿಮ್ ಎಂಟು ಪಟ್ಟಿಗಳನ್ನು ಹೊತ್ತುಕೊಂಡು ಯಾರು ಜೋರಾಗಿ ಕೂಗಿದರೋ ಅತ್ತ ನಡೆಯುತ್ತಾನೆ.

ವಸ್ತು ಮಾತಾಡುವುದು ಕನ್ನಡ ಓದುಗರಿಗೆ ಹೊಸದಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳು ಒಂದೆಡೆ ಸೇರಿ ಮಾತಾಡುತ್ತವೆ. ಆದರೆ ಅವು ಮಾತಾಡುವುದು ತಾವು ಕಂಡದ್ದನ್ನು. ಮನೆಯೊಳಗಿನ ಸಂಕಟವನ್ನು ನೋಡಿ ಬಂದ ಬೆಳಕು ಅದು. ಫ್ರಿಜ್ಜಿನ ಮಾತು ಸಂತೆಯ ಕೂಗು. ಎರಡಕ್ಕೂ ಬಾಯಿ ಇದೆ, ಕಣ್ಣಿರುವುದು ಒಂದಕ್ಕೇ.

ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವೇ? ಇತ್ತು. ಸಿಮ್ಸ್‌ಗಿಂತ ಆರು ವರ್ಷ ಮೊದಲು, 1994ರಲ್ಲಿ, ಟೊರಾಂಟೊದಲ್ಲಿ ಷಿಯಾವೊಯುವಾನ್ ಟು ಮತ್ತು ಡಿಮಿಟ್ರಿ ಟರ್ಜೊಪೌಲಸ್ ಕಂಪ್ಯೂಟರಿನಲ್ಲಿ ಮೀನುಗಳನ್ನು ಮಾಡಿದರು. ಅವುಗಳ ಒಳಗೆ ಇದ್ದದ್ದು ಮೂರೇ: ಹಸಿವು, ಕಾಮ, ಭಯ. ಆದರೆ ಪ್ರತಿ ಮೀನಿಗೂ ನೋಟಕ್ಕೆ ಮಿತಿ ಇತ್ತು. ಸುತ್ತಲಿನ 300 ಡಿಗ್ರಿಯಷ್ಟು ಕಾಣುತ್ತದೆ, ಬೆನ್ನಹಿಂದೆ ಕಾಣುವುದಿಲ್ಲ. ಇಂತಿಷ್ಟು ದೂರದಾಚೆ ಕಾಣುವುದಿಲ್ಲ. ನಡುವೆ ಏನಾದರೂ ಅಡ್ಡ ಬಂದರೆ ಕಾಣುವುದಿಲ್ಲ. ತಿನ್ನಲು ಬರುವ ಮೀನು ಕಣ್ಣಿಗೆ ಬಿದ್ದಾಗ, ಹತ್ತಿರವಾದಷ್ಟೂ ಭಯ ಏರುತ್ತದೆ. ಭಯವನ್ನು ಯಾರೂ 7 ಎಂದು ಬರೆದಿಡಬೇಕಾಗಿಲ್ಲ. ಅದು ನೋಟದಿಂದ ಹುಟ್ಟುತ್ತದೆ, ಮರೆಯಾದರೆ ಇಳಿಯುತ್ತದೆ. 1994ರ ಮೀನಿಗೆ ಇದ್ದ ಕಣ್ಣು ನನ್ನ ಗೌರಮ್ಮನಿಗೆ ಇರಲಿಲ್ಲ.

ಇಲ್ಲಿ ನಮ್ಮ ಸಾಹಿತ್ಯ ವಿಭಾಗದವರು ಮೀಸೆ ತಿರುವಬಹುದು: "ಇದೆಲ್ಲ ಭರತ ಯಾವತ್ತೋ ಹೇಳಿದ್ದ." ನಾನೂ ಆ ಪಾಠವನ್ನು ಬಾಯಿಪಾಠ ಮಾಡಿ ಪಾಸಾದವಳೇ. ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಎಂಟು ಸ್ಥಾಯಿ, 33 ವ್ಯಭಿಚಾರಿ, ಎಂಟು ಸಾತ್ವಿಕ, ಒಟ್ಟು 49 ಭಾವಗಳು. ಕಂಪ್ಯೂಟರ್ ಮಂದಿ ಬಹಳ ಬಳಸುವ ಪಟ್ಟಿ 1988ರಲ್ಲಿ ಆರ್ಟೊನಿ, ಕ್ಲೋರ್, ಕಾಲಿನ್ಸ್ ಎಂಬ ಮೂವರು ಮಾಡಿದ್ದು, ಅದರಲ್ಲಿ 22. ನಮ್ಮದು 49, ಅವರದು 22 ಎಂದು ಬೀಗುವ ಲೇಖನವನ್ನು ಯಾರಾದರೂ ಬರೆದಿರುತ್ತಾರೆ. ಪಟ್ಟಿ ಉದ್ದವಾದರೆ ಏನು ಬಂತು? ಎಕ್ಸೆಲ್ ಹಾಳೆಯಲ್ಲಿ 27 ಅಂಕಣ ಹೆಚ್ಚಾಗುತ್ತವೆ, ಗೌರಮ್ಮನ ಕಣ್ಣು ತೆರೆಯುವುದಿಲ್ಲ.

ಭರತನ ಹೆಸರು ಹೇಳಿ ಎದೆ ಉಬ್ಬಿಸುವವರು ಮರೆಯುವುದು ವಿಭಾವವನ್ನು. ಭಾವಕ್ಕೆ ಆಲಂಬನ ಬೇಕು, ಉದ್ದೀಪನ ಬೇಕು. ಯಾರನ್ನು ಕಂಡು, ಯಾವ ಹೊತ್ತಿನಲ್ಲಿ, ಎಲ್ಲಿ ಎಂಬುದು ಬೇಕು. ಆಲಂಬನವಿಲ್ಲದ ರತಿ, ಶೋಕಗಳು ರಂಗದ ಮೇಲೆ ನಿಲ್ಲಲಾರವು. ಆ ಮೂವರು ಪಶ್ಚಿಮದ ಪಂಡಿತರೂ ಇದನ್ನು ಬಲ್ಲರು. ಅವರ ಪುಸ್ತಕದಲ್ಲಿ ಪ್ರತಿ ಭಾವನೆಯೂ ಒಂದು ಘಟನೆಗೋ, ಒಬ್ಬರ ನಡತೆಗೋ, ಒಂದು ವಸ್ತುವಿಗೋ ಕೊಡುವ ಬೆಲೆಯಿಂದ ಹುಟ್ಟುತ್ತದೆ. ಯಂತ್ರಕ್ಕೆ ಭಾವನೆ ಕೊಡುವುದು ತಮ್ಮ ಉದ್ದೇಶವಲ್ಲ ಎಂದೂ ಅವರು ಹೇಳಿಕೊಂಡಿದ್ದರು. ಓದಿದವರು ಬೆಲೆಕಟ್ಟುವ ಕಷ್ಟದ ಭಾಗವನ್ನು ಬಿಟ್ಟು 22 ಹೆಸರುಗಳನ್ನು ಎತ್ತಿಕೊಂಡರು. ಪೂರ್ವವೂ ಪಶ್ಚಿಮವೂ ಒಂದೇ ಪುಟವನ್ನು ಹಾರಿಸಿ ಓದಿದಂತಾಯಿತು.

ನಮ್ಮ ಕಾವ್ಯಮೀಮಾಂಸೆಯಲ್ಲಿ ನನ್ನನ್ನು ನಿಜಕ್ಕೂ ಚುಚ್ಚಿದ ಜಾಗ ಬೇರೆ ಇದೆ. ಶಂಕುಕ ನಟ ಮಾಡುವುದು ಭಾವದ ಅನುಕರಣೆ ಎಂದ. ಅಭಿನವಗುಪ್ತನ ಗುರು ಭಟ್ಟತೌತ ಅದನ್ನು ಒಪ್ಪಲಿಲ್ಲ. ಅವನ ವಾದ ಸರಳ. ಅನುಕರಿಸಬೇಕಾದರೆ ಮೂಲವನ್ನು ನೋಡಿರಬೇಕು. ರಾಮನ ರತಿಯನ್ನು ನೋಡಿದವರು ಯಾರು? ನೋಡದ್ದನ್ನು ಅನುಕರಿಸಿದೆ ಎಂದರೆ ಅದಕ್ಕೆ ಅರ್ಥವಿಲ್ಲ. ಇದನ್ನು ನಾನು ಎಂಎಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಓದಿದ್ದೆ. ಆಶಾ ಕಾರ್ಯಕರ್ತೆ ನಕ್ಕ ದಿನ ಅದು ಪ್ರಶ್ನೆಯಾಗಿಯೇ ಎದುರಿಗೆ ನಿಂತಿತು. ನಾನು ಬರೆದ 7 ಯಾರ ಆತಂಕ? ಯಾರನ್ನು ನೋಡಿ ಬರೆದೆ? ಮಂಡ್ಯದ ಯಾವ ಮನೆಯ ಜಗಲಿಯ ಮೇಲೂ ನಾನು ಆ ಕೆಲಸಕ್ಕಾಗಿ ಕೂತಿರಲಿಲ್ಲ. ಗೌರಮ್ಮ ನಮ್ಮನ್ನು ನೋಡಲಿಲ್ಲ, ನಿಜ. ಅದಕ್ಕೂ ಮೊದಲು ನಾನು ಗೌರಮ್ಮನನ್ನು ನೋಡಿರಲಿಲ್ಲ.

ಈಗ ಎಲ್ಲವೂ ಬದಲಾಗಿದೆ ಎನ್ನುವವರು 2023ರ ಸ್ಮಾಲ್‌ವಿಲ್ ಕಡೆ ಬೆರಳು ತೋರಿಸುತ್ತಾರೆ. ಸ್ಟ್ಯಾನ್‌ಫರ್ಡಿನ ಜೂನ್ ಸಂಗ್ ಪಾರ್ಕ್ ಮತ್ತು ಸಂಗಡಿಗರು ಭಾಷಾ ಮಾದರಿಯನ್ನು ಬಳಸಿ 25 ಪಾತ್ರಗಳಿರುವ ಒಂದು ಊರನ್ನೇ ಮಾಡಿದರು. ಇದನ್ನು ಸಿಮ್ಸ್ ಜೊತೆ ಸೇರಿಸಿ ಬೈಯುವುದು ಅನ್ಯಾಯ. ಇಲ್ಲಿ ನೋಟಕ್ಕೆ ನಿಜವಾದ ಜಾಗ ಕೊಟ್ಟಿದ್ದಾರೆ. ಪಾತ್ರಕ್ಕೆ ಹತ್ತಿರದ್ದು ಮಾತ್ರ ಕಾಣುತ್ತದೆ. ತಾನು ಹೋಗದ ಜಾಗ ಅದಕ್ಕೆ ಗೊತ್ತಿಲ್ಲ. ತಾನು ಬಿಟ್ಟುಬಂದ ಜಾಗದಲ್ಲಿ ಏನಾದರೂ ಬದಲಾಗಿದ್ದರೆ ಮತ್ತೆ ಹೋಗುವವರೆಗೆ ತಿಳಿಯುವುದಿಲ್ಲ. ಕಂಡದ್ದು ನೆನಪಾಗುತ್ತದೆ, ನೆನಪುಗಳು ಸೇರಿ ಅಭಿಪ್ರಾಯವಾಗುತ್ತವೆ. ಪ್ರೇಮಿಗಳ ದಿನಕ್ಕೆ ಕೆಫೆಯಲ್ಲಿ ಪಾರ್ಟಿ ಮಾಡಬೇಕೆಂಬ ಆಸೆಯನ್ನು ಇಸಬೆಲ್ಲಾ ಎಂಬ ಒಂದೇ ಪಾತ್ರಕ್ಕೆ ಕೊಟ್ಟರು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಆಹ್ವಾನ ಪಡೆದ 12 ಪಾತ್ರಗಳಲ್ಲಿ ಐದು ಬಂದವು. ಮೂರು ಬೇರೆ ಕೆಲಸವಿದೆ ಎಂದವು. ಉಳಿದ ನಾಲ್ಕು, ಕೇಳಿದಾಗ ಆಸಕ್ತಿ ಇದೆ ಎಂದವು, ಆ ದಿನ ಬರಲೇ ಇಲ್ಲ.

ಈ ನಾಲ್ಕನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. "ಬರ್ತೀನಿ ಬರ್ತೀನಿ" ಎಂದು ಹೇಳಿ ಬಾರದೆ ಇರುವುದಕ್ಕಿಂತ ಮನುಷ್ಯಸಹಜವಾದದ್ದು ಇನ್ನೇನಿದೆ? ಆದರೆ ಎಚ್ಚರವಾದದ್ದು ಮರುಗಳಿಗೆಯಲ್ಲೇ. ಗುಡ್ಡಕ್ಕೆ ಓಡಿದ ಸೈನಿಕರಿಗೆ ಭಯ ತುಂಬಿದವರು ಮಾಡಿದ ಕೆಲಸವನ್ನೇ ನಾನೂ ಮಾಡುತ್ತಿದ್ದೆ. ನಾವು ಬಾರದಿರುವುದರ ಹಿಂದೆ ಒಂದು ನೋಟ ಇರುತ್ತದೆ. ಅವಳು ಕರೆದ ರೀತಿ ಸರಿಯಿರಲಿಲ್ಲ, ಅಲ್ಲಿಗೆ ಇಂಥವನು ಬರುತ್ತಾನೆ, ಉಡುಗೊರೆಗೆ ದುಡ್ಡಿಲ್ಲ, ಹೋದ ಸಲ ನಮ್ಮನ್ನು ಬೇರೆ ಸಾಲಿನಲ್ಲಿ ಕೂರಿಸಿದ್ದರು. ಸ್ಮಾಲ್‌ವಿಲ್‌ನ ನಾಲ್ವರು ಆ ದಿನದ ಯೋಜನೆಯಲ್ಲಿ ಪಾರ್ಟಿಯನ್ನು ಸೇರಿಸಲಿಲ್ಲ, ಅಷ್ಟೆ. ಅವರು ಕಾಣುವುದು ವಾಕ್ಯಗಳನ್ನು. ಇಂಥವಳು ಕಾಫಿ ಮಾಡುತ್ತಿದ್ದಾಳೆ ಎಂಬ ವಾಕ್ಯ ಅವರ ಕಣ್ಣಿಗೆ ಬೀಳುತ್ತದೆ. ಕಾಫಿ ಕೊಡುವಾಗ ಲೋಟವನ್ನು ಕೈಗೆ ಕೊಟ್ಟಳೋ, ದೂರದಲ್ಲಿಟ್ಟು ಸರಿದಳೋ ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನರ ಇಡೀ ಬದುಕಿನ ಭಾವನೆ ಆ ಲೋಟದ ದೂರದಲ್ಲಿದೆ.

ಇನ್ನೊಂದು ವಿವರ ಕೇಳಿ. ಪ್ರತಿ ನೆನಪೂ ಎಷ್ಟು ಮುಖ್ಯ ಎಂದು ಭಾಷಾ ಮಾದರಿಯೇ 1ರಿಂದ 10ರವರೆಗೆ ಅಂಕ ಕೊಡಬೇಕು. ಅದಕ್ಕೆ ಕೊಟ್ಟ ಉದಾಹರಣೆಗಳು: ಹಲ್ಲುಜ್ಜುವುದು, ಹಾಸಿಗೆ ಸರಿಮಾಡುವುದು 1. ಪ್ರೇಮಭಂಗ, ಕಾಲೇಜಿನಲ್ಲಿ ಸೀಟು ಸಿಗುವುದು 10. ಯಾರ ಬದುಕಿನ ಅಳತೆಗೋಲು ಇದು? ಗೌರಮ್ಮನಿಗೆ ಕಾಲೇಜಿನ ಸೀಟು ಎಂಬುದೇ ಇರಲಿಲ್ಲ. ಅವಳ ಕೊಳವೆಬಾವಿ ಬತ್ತಿದ್ದು ಎಷ್ಟು? ಸೊಸೆ ತವರಿಗೆ ಹೋಗಿ ಹದಿನೈದು ದಿನ ಫೋನ್ ಮಾಡದ್ದು ಎಷ್ಟು? ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ನೀರು ಬಂತು ಎಂಬುದೇ 10, ನೀರು ಬಾರದ ದಿನ ಹಲ್ಲುಜ್ಜುವುದೂ 1 ಅಲ್ಲ. ಅಳತೆಗೋಲು ಮಾಡಿದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಕಣ್ಣಿಗೆ ಕಂಡದ್ದನ್ನು ಬರೆದಿದ್ದಾರೆ, ಎಲ್ಲರೂ ಮಾಡುವುದು ಅದನ್ನೇ. ಅದನ್ನು ಎತ್ತಿಕೊಂಡು ಬಂದು ಮಂಡ್ಯದ ಮೇಲೆ ಇಟ್ಟು ಅಳೆಯುವ ನಮ್ಮ ಸೋಮಾರಿತನದ ಬಗ್ಗೆ ನನ್ನ ಮಾತು.

ಆ ಪಾತ್ರಗಳು ಅತಿ ವಿನಯದಿಂದ ಮಾತಾಡುತ್ತಿದ್ದವು, ಹೆಂಡತಿ ಗಂಡನ ಜೊತೆಯೂ ಸಭೆಯಲ್ಲಿ ಮಾತಾಡಿದಂತೆ ಮಾತಾಡುತ್ತಿದ್ದಳು, ಇಸಬೆಲ್ಲಾ ಯಾರು ಏನು ಸಲಹೆ ಕೊಟ್ಟರೂ ಇಲ್ಲ ಎನ್ನುತ್ತಿರಲಿಲ್ಲ ಎಂದು ಸಂಶೋಧಕರೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾರೆ. ನನ್ನ ಗೌರಮ್ಮನೂ ಅದೇ ಜಾತಿ. ಅವಳಿಗೆ ಇಲ್ಲ ಎನ್ನಲು ಬರುವುದಿಲ್ಲ. ಅವಳು ಸುಳ್ಳು ಹೇಳುವುದಿಲ್ಲ, ಮಾತು ತಪ್ಪಿಸುವುದಿಲ್ಲ, "ಸಂಜೆ ಬಾ" ಎಂದು ಕಳಿಸುವುದಿಲ್ಲ. ಬಡವರಿಗೆ ಅಧಿಕಾರಸ್ಥರ ಮುಂದೆ ಉಳಿದಿರುವ ಚಿಕ್ಕ ಆಯುಧಗಳು ಇವು. ಅವನ್ನೆಲ್ಲ ಕಿತ್ತುಕೊಂಡು ಕಣ್ಣೀರನ್ನು ಮಾತ್ರ ಉಳಿಸಿದ ಹೆಂಗಸನ್ನು ಮಾಡಿಟ್ಟು, ಇವಳಿಗೆ ಭಾವನೆ ಕೊಟ್ಟಿದ್ದೇವೆ ಎಂದರೆ ಹೇಗೆ?

ಇರಲಿ, ತರಬೇತಿಗೆ ತಾನೇ, ಸ್ವಲ್ಪ ಹೆಚ್ಚುಕಮ್ಮಿಯಾದರೆ ಏನಾಯಿತು ಎನ್ನಬಹುದು. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಎರಡು ತಿಂಗಳ ಮೇಲೆ ತಂಡದ ಮುಖ್ಯಸ್ಥರು ಮತ್ತೆ ಕರೆದರು. ಹಳ್ಳಿಗಳಲ್ಲಿ ಒಂದು ಸಮೀಕ್ಷೆ ಮಾಡಬೇಕಿದೆ, ಜನರನ್ನು ಕಳಿಸಿದರೆ ಖರ್ಚು, ತಡ. ಗೌರಮ್ಮನಂಥ 500 ಪಾತ್ರಗಳನ್ನು ಮಾಡಿ ಅವರನ್ನೇ ಪ್ರಶ್ನೆ ಕೇಳಿದರೆ ಹೇಗೆ? ನಾನು ಆಶಾ ಕಾರ್ಯಕರ್ತೆಯ ಮಾತನ್ನು ನೆನಪಿಸಿದೆ. "ಅಷ್ಟು ಆಳ ಬೇಡ. ಎಮೋಷನ್ ಸ್ಕೋರ್ ಚೆನ್ನಾಗಿ ಬರ್ತಿದೆಯಲ್ಲ," ಎಂದರು. ಅವರಿಗೆ ಒಂದು ಆಧಾರವೂ ಇತ್ತು. 2024ರಲ್ಲಿ ಅದೇ ಪಾರ್ಕ್ ಮತ್ತು ಸಂಗಡಿಗರು 1,052 ಅಮೆರಿಕನ್ನರ ಪ್ರತಿರೂಪಗಳನ್ನು ಮಾಡಿ ಸಮೀಕ್ಷೆಯ ಪ್ರಶ್ನೆ ಕೇಳಿದರು. ಎರಡು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದರೆ ಮನುಷ್ಯರು ತಮ್ಮ ಉತ್ತರವನ್ನು ತಾವೇ ಎಷ್ಟು ಸರಿಯಾಗಿ ಹೇಳುತ್ತಾರೋ, ಅದರ 85 ಪ್ರತಿಶತದಷ್ಟು ಸರಿಯಾಗಿ ಪ್ರತಿರೂಪಗಳು ಹೇಳಿದವು.

85 ಎಂಬ ಅಂಕಿ ಎಲ್ಲ ಸ್ಲೈಡುಗಳಲ್ಲೂ ಬರುತ್ತದೆ. ಆ ಅಂಕಿ ಬಂದ ದಾರಿ ಬರುವುದಿಲ್ಲ. ಆ 1,052 ಜನರನ್ನೂ ಒಬ್ಬೊಬ್ಬರಾಗಿ ಸುಮಾರು ಎರಡು ಗಂಟೆ ಅವರ ಬದುಕಿನ ಬಗ್ಗೆ ಮಾತಾಡಿಸಿದ್ದರು. ಆ ಸಂದರ್ಶನ ನಡೆಸಿದ್ದೂ ಕಂಪ್ಯೂಟರೇ, ಆದರೆ ಉತ್ತರ ಕೊಟ್ಟದ್ದು ಉಸಿರಾಡುವ ಜನ. ವಯಸ್ಸು, ಲಿಂಗ, ಜನಾಂಗ ಎಂದು ನಾಲ್ಕು ವಿವರ ಕೊಟ್ಟು ಮಾಡಿದ ಪ್ರತಿರೂಪಗಳು ಅದಕ್ಕಿಂತ ಕೆಟ್ಟದಾಗಿ ಉತ್ತರಿಸಿದವು, ಪೂರ್ವಗ್ರಹವೂ ಹೆಚ್ಚಿತ್ತು ಎಂದು ಅದೇ ಸಂಶೋಧನೆ ಹೇಳುತ್ತದೆ. ನಮ್ಮ ಗೌರಮ್ಮ ಈ ಎರಡನೆಯ ಬಗೆಯವಳು. ಅವಳ ಹಿಂದೆ ಎರಡು ಗಂಟೆ ಮಾತಾಡಿದ ಯಾವ ಹೆಂಗಸೂ ಇಲ್ಲ. ಇರುವುದು ಫೆಲೋಶಿಪ್ ಬಾರದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಊಹೆ. ಅಂಥ 500 ಗೌರಮ್ಮಂದಿರನ್ನು ಕೇಳಿದರೆ ಬರುವ ಉತ್ತರ 500 ಸಲ ನನ್ನದೇ.

ಯಾವ ಸಾಹಿತ್ಯದ ವಿದ್ಯಾರ್ಥಿಯೂ ಈಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಕಾದಂಬರಿಕಾರರು ಮಾಡುವುದು ಇನ್ನೇನು? ಅವರೂ ಊಹಿಸಿಯೇ ಗೌರಮ್ಮಂದಿರನ್ನು ಹುಟ್ಟಿಸುವುದಿಲ್ಲವೇ? ಅವರಿಗೆ ಇರುವ ಹಕ್ಕು ಎಂಜಿನಿಯರಿಗೆ ಯಾಕಿಲ್ಲ? ಇದಕ್ಕೆ ಸಿದ್ಧ ಉತ್ತರ ನನ್ನಲ್ಲಿರಲಿಲ್ಲ. ಎರಡು ವರ್ಷದಿಂದ ಕಾದಂಬರಿಗಳನ್ನು ಗೀಟು ಹಾಕಿ ಓದಿ ನನಗೆ ತಿಳಿದದ್ದು ಇಷ್ಟು. ಒಳ್ಳೆಯ ಕಾದಂಬರಿಕಾರರು ಪಾತ್ರಕ್ಕೆ ಮೊದಲು ಕೊಡುವುದು ಅದು ನಿಂತ ಜಾಗವನ್ನು. ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಗೊತ್ತಾದ ಮೇಲೆ ದುಃಖವನ್ನು ಹೆಸರಿಸುವ ಅಗತ್ಯವೇ ಬೀಳುವುದಿಲ್ಲ. "ಅವಳಿಗೆ ತುಂಬ ದುಃಖವಾಯಿತು" ಎಂಬ ವಾಕ್ಯ ಕಂಡರೆ ಕಥಾಕಮ್ಮಟಗಳಲ್ಲಿ ಅದಕ್ಕೆ ಮೊದಲು ಗೀಟು ಬೀಳುತ್ತದೆ. ಭಾವನೆಯ ಅಂಕಣ ಎಂದರೆ ಆ ವಾಕ್ಯವೇ, ಅಂಕಿಯ ವೇಷದಲ್ಲಿ. ಇನ್ನೊಂದು ವ್ಯತ್ಯಾಸವೂ ಉಂಟು. ಕಾದಂಬರಿಯ ಮೇಲೆ ಬರೆದವರ ಹೆಸರಿರುತ್ತದೆ. ಸುಳ್ಳಾದರೆ ಓದುಗರು ಪುಸ್ತಕ ಮುಚ್ಚುತ್ತಾರೆ, ವಿಮರ್ಶಕರು ಬೈಯುತ್ತಾರೆ. ಕಾದಂಬರಿಯ ಗೌರಮ್ಮನನ್ನು ಲೆಕ್ಕಕ್ಕೆ ಹಿಡಿದು ಯಾರೂ ಊರಿಗೆ ಬರುವ ಆಸ್ಪತ್ರೆ ಬಸ್ಸನ್ನು ನಿಲ್ಲಿಸುವುದಿಲ್ಲ.

ಹಾಗಾದರೆ ಈ ವಿದ್ಯೆಯನ್ನು ಬಿಟ್ಟುಬಿಡಬೇಕೇ? ನಾನು ಹಾಗೆ ಹೇಳುತ್ತಿಲ್ಲ. ಹೊಸ ಕಾರ್ಯಕರ್ತೆ ನಿಜವಾದ ಮನೆಬಾಗಿಲಿಗೆ ಹೋಗುವ ಮೊದಲು ಒಬ್ಬ ಅಣಕು ಗೌರಮ್ಮನ ಮುಂದೆ ತಡವರಿಸಿದರೆ ಒಳ್ಳೆಯದೇ. ಆದರೆ ಆ ಗೌರಮ್ಮ ತಡವರಿಸುವಂತೆ ಮಾಡಬಲ್ಲವಳಾಗಿರಬೇಕು. ಅವಳಿಗೆ ಎದುರಿಗಿರುವವರು ಯಾರೆಂದು ಕಾಣಬೇಕು, ಎಲ್ಲವೂ ಕಾಣಬಾರದು. ತಪ್ಪಾಗಿ ಕಾಣಲೂ ಬೇಕು. ಕೈಯಲ್ಲಿ ಫೈಲಿದ್ದರೆ ಸಾಲ ವಸೂಲಿಯವಳೆಂದು ಬಗೆಯಬೇಕು. ಬಾಗಿಲ ಬಳಿ ನೆರಳಾಡಿದರೆ ಮಾತು ನಿಲ್ಲಿಸಬೇಕು. ಸುಳ್ಳು ಹೇಳುವ, ಸುಮ್ಮನಿರುವ, ಎದ್ದು ಒಳಗೆ ಹೋಗುವ ಶಕ್ತಿ ಇರಬೇಕು. ಇಷ್ಟಾದ ಮೇಲೆ ಆತಂಕಕ್ಕೆ ಅಂಕಿ ಬೇಕೋ ಬೇಡವೋ ನೋಡೋಣ. ಅಂಥವಳನ್ನು ಬರೆಯಲು ಹಳ್ಳಿಗೆ ಹೋಗಿ ಕೂರಬೇಕಾಗುತ್ತದೆ, ಖರ್ಚಾಗುತ್ತದೆ. ಅಣಕಿಸಬೇಕಾದ ಜನರ ಹತ್ತಿರ ಹೋಗಲು ದುಡ್ಡಿಲ್ಲ ಎಂದರೆ ಅವರನ್ನು ಅಣಕಿಸುವ ಅಧಿಕಾರವೂ ಇಲ್ಲ. ಸಮೀಕ್ಷೆಯ ವಿಷಯದಲ್ಲಂತೂ ನನ್ನದು ಒಂದೇ ಮಾತು. ಜನರನ್ನು ಕೇಳಬೇಕಾದದ್ದನ್ನು ಜನರನ್ನೇ ಕೇಳಿ.

ಸಾಹಿತ್ಯ ಓದುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಈ ಕೆಲಸ ನಮ್ಮ ಬಾಗಿಲಿಗೆ ಬರುತ್ತಿದೆ. ಕನ್ನಡ ಬರೆಯಬಲ್ಲವರು, ಪಾತ್ರ ಬಲ್ಲವರು ಬೇಕು ಎಂದು ಫೋನ್ ಬರುತ್ತದೆ, ಬಂದಾಗ ನಮಗೆ ದುಡ್ಡಿನ ಅಗತ್ಯವೂ ಇರುತ್ತದೆ. ಬೇಡ ಎನ್ನಿ ಎಂದು ಹೇಳುವ ನೈತಿಕತೆ ನನಗಿಲ್ಲ. ಹೋದರೆ ಮೊದಲ ದಿನವೇ ಕೇಳಿ: ಈ ಹೆಂಗಸಿಗೆ ಏನೇನು ಕಾಣುತ್ತದೆ? ಅವಳನ್ನು ನಮ್ಮಲ್ಲಿ ಯಾರು ನೋಡಿದ್ದೇವೆ? ನಾನು ಕೇಳಲಿಲ್ಲ.

ಸಮೀಕ್ಷೆಯ ಕೆಲಸಕ್ಕೆ ನಾನು ಹೋಗಲಿಲ್ಲ. ಗೌರಮ್ಮನ ಹಾಳೆಯನ್ನು ವಾಪಸು ಕೊಡಿ, ತಿದ್ದಿ ಕೊಡುತ್ತೇನೆ ಎಂದು ಎರಡು ಸಲ ಮೇಲ್ ಮಾಡಿದೆ. ಸಂಭಾವನೆ ಪಾವತಿಯಾಗಿದೆ, ಹಾಳೆ ಅವರದ್ದು ಎಂಬ ಉತ್ತರ ಬಂತು. ಸರಿಯೇ, ರಸೀದಿಗೆ ಸಹಿ ಹಾಕಿದವಳು ನಾನೇ. ಗೌರಮ್ಮ ಈಗಲೂ ಎಲ್ಲೋ ಒಂದು ಟ್ಯಾಬಿನಲ್ಲಿ, ಕೇಳುವವರು ಯಾರೆಂದು ನೋಡದೆ, ಸೊಸೆ ಬಾಗಿಲಲ್ಲಿ ನಿಂತಿದ್ದಾಳೋ ಎಂದು ತಿರುಗದೆ, ಕೇಳಿದವರಿಗೆಲ್ಲ ಎಲ್ಲವನ್ನೂ ಹೇಳುತ್ತಿದ್ದಾಳೆ.